ಕುಮಟೆಯ ಪೇಟೆಗೆ ಹತ್ತಿ ಇಳಿದ ಕಾಲ

ಹುಲಗೂರಿನ ಸುತ್ತಣ ಎರೆಭೂಮಿಯಲ್ಲಿ ನಿಂತವನಿಗೆ ಸಮುದ್ರದ ನೆನಪಾಗುವುದು ಅಪರೂಪ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ರೈತನ ಭಾಗ್ಯವು ಘಟ್ಟದ ಕೆಳಗಿನ ಒಂದು ಬಂದರುಪೇಟೆಯೊಡನೆ ಬೆಸೆದುಕೊಂಡಿದ್ದಿತು. ಆ ಪೇಟೆಯೇ ಕುಮಟೆ. ಈ ಸೀಮೆಯ ಹತ್ತಿಗೆ ಮುಂಬಯಿಯ ವರ್ತಕರು ಇಟ್ಟ ಹೆಸರೂ 'ಕುಮಟಾ ಹತ್ತಿ' ಎಂದೇ. ಬೆಳೆದ ನೆಲದ ಹೆಸರು ಮರೆಯಾಗಿ, ಹಡಗನ್ನೇರಿದ ಊರಿನ ಹೆಸರು ಉಳಿಯಿತು.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಕನ್ನಡ ಕರಾವಳಿಯು ಇಂಗ್ಲಿಷರ ವಶವಾಗಿ ಮದರಾಸು ಪ್ರಾಂತಕ್ಕೆ ಸೇರಿತು. ಪೇಶ್ವೆಯವರ ಆಳ್ವಿಕೆ 1818ರಲ್ಲಿ ಕೊನೆಗಂಡಾಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಹೋಯಿತು. ಹತ್ತಿ ಬೆಳೆಯುವ ನೆಲ ಒಂದು ಸರಕಾರದ್ದು, ಅದನ್ನು ಸಾಗಿಸುವ ಬಂದರು ಇನ್ನೊಂದರದು. ಹೀಗಿರಲು ಘಟ್ಟದ ದಾರಿಯನ್ನು ಸುಧಾರಿಸುವ ಉತ್ಸಾಹ ಯಾರಿಗಿದ್ದೀತು? ಹೇರೆತ್ತುಗಳೂ ಚಕ್ಕಡಿಗಳೂ ಕಷ್ಟದಿಂದಲೇ ಘಟ್ಟವನ್ನಿಳಿಯಬೇಕಾಗಿದ್ದಿತು.

ಕಾಲದ ಕಟ್ಟೂ ಕಠಿನವಾಗಿದ್ದಿತು. ಈ ಹತ್ತಿಯನ್ನು ಬಿಡಿಸುವುದು ಮಾಘ, ಫಾಲ್ಗುಣ, ಚೈತ್ರಗಳಲ್ಲಿ. ಮುಂಗಾರು ಆರಂಭವಾಯಿತೆಂದರೆ ಕಡಲು ಕೆರಳಿ, ಪತ್ತೇಮಾರಿಗಳ ಸಂಚಾರ ನಿಂತುಹೋಗುತ್ತಿತ್ತು. ಈ ಕೆಲವೇ ವಾರಗಳೊಳಗೆ ಅಂಡಿಗೆಗಳು ಪೇಟೆಯ ವಖಾರಿಗಳನ್ನು ಸೇರಿ ಮುಂಬಯಿಯ ದಾರಿ ಹಿಡಿಯಬೇಕು. ತಡವಾದ ಸರಕು ಮಳೆಗಾಲವನ್ನು ಅಲ್ಲಿಯೇ ಕಳೆಯಬೇಕು. ಇತ್ತ ರೈತನ ಸಾಲಕ್ಕೆ ಮಾತ್ರ ಬಡ್ಡಿ ನಿಲ್ಲುತ್ತಿರಲಿಲ್ಲ.

1861ರಲ್ಲಿ ಅಮೆರಿಕೆಯ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ಹತ್ತಿ ಬಾರದೆ ಲ್ಯಾಂಕಶೈರಿನ ಗಿರಣಿಗಳು ಬರಿದಾದವು. ನಮ್ಮ ಹತ್ತಿಯ ಬೆಲೆ ಮುಗಿಲಿಗೇರಿತು. ಹತ್ತಿ ವ್ಯಾಪಾರದ ಒತ್ತಾಯವೂ ಒಂದು ಕಾರಣವಾಗಿ 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರದ ಬಂದರಿನತ್ತಲೂ ಸರಕಾರದ ದೃಷ್ಟಿ ಹರಿಯಿತು. ಆದರೆ 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ದೂರದೇಶದ ಸಮರ ತಂದ ಸಿರಿ, ಅದರ ಸಂಧಾನದೊಡನೆಯೇ ಹಿಂದಿರುಗಿತು.

ಕುಮಟೆಯ ಹತ್ತಿಪೇಟೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ರೈಲಿನಿಂದ. 1876-78ರ ಭೀಕರ ಕ್ಷಾಮದ ಅನುಭವದಿಂದ ಎಚ್ಚೆತ್ತ ಸರಕಾರವು ಬರಪೀಡಿತ ಸೀಮೆಗೆ ಧಾನ್ಯ ಮುಟ್ಟಿಸುವ ರೈಲುಮಾರ್ಗಗಳಿಗೆ ಮನಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿಯು ರೈಲಿನ ಕೇಂದ್ರವಾಗಿ, ಮರ್ಮಗೋವಾ ಬಂದರಿಗೂ ದಾರಿ ತೆರೆಯಿತು. ಹಸಿದವರ ಪ್ರಾಣ ಉಳಿಸಲೆಂದು ಹಾಕಿದ ಹಳಿಗಳನ್ನು ದೂಷಿಸಲಾಗದು. ಆದರೆ ಚಕ್ಕಡಿಯವನ ಬಾಡಿಗೆ, ಹಮಾಲನ ಕೂಲಿ, ದಲಾಲಿಯ ಗದ್ದಿಗೆ ಇವೆಲ್ಲ ಆ ಹಳಿಗಳ ಮೇಲೆಯೇ ಸಾಗಿಹೋದವು. ಕುಮಟೆಯ ನೆಲಕ್ಕೆ ರೈಲು ಬರಲು ಕೊಂಕಣ ರೈಲ್ವೆಯ ಕಾಲದವರೆಗೆ, ಅಂದರೆ ಒಂದು ಶತಮಾನದಷ್ಟು ಕಾಲ ಕಾಯಬೇಕಾಯಿತು.

ಹುಲಗೂರಿನ ನೆರೆಯ ಶಿಶುನಾಳದ ಸಂತ ಶರೀಫರು ಬಾಳಿದುದು 1819ರಿಂದ 1889ರವರೆಗೆ. ಹತ್ತಿಯ ಈ ಏಳುಬೀಳುಗಳೆಲ್ಲ ಬಹುಮಟ್ಟಿಗೆ ಅವರ ಒಂದೇ ಆಯುಷ್ಯದ ಅವಧಿಯಲ್ಲಿ ನಡೆದವು. ಒಂದು ಪೇಟೆ ಹುಟ್ಟಿ ಬೆಳೆದು ಬಾಡಲು ಅಷ್ಟೇ ಕಾಲ ಸಾಕು.

ನೂರು ವರುಷಗಳ ಲೆಕ್ಕವನ್ನು ನೋಡುವ ಈ ಶುಭಸಂದರ್ಭದಲ್ಲಿ ಪ್ರಿಯ ವಾಚಕರು ಒಂದು ಮಾತನ್ನು ನೆನೆಯಬೇಕು. ಇತಿಹಾಸದ ಪುಟಗಳಲ್ಲಿ ಬಂದರಿನ ಹೆಸರಿದೆ, ಕಂಪನಿಯ ಹೆಸರಿದೆ. ಆ ಅಂಡಿಗೆಗಳನ್ನು ಹೊತ್ತವರ ಹೆಸರಿಲ್ಲ. ನಮ್ಮ ಹಿರಿಯರಲ್ಲಿಯೂ ಅಂಥವರೇ ಬಹುಮಂದಿ. ಮನುಷ್ಯರ ಖಾತೆಯಲ್ಲಿ ಬಿಟ್ಟುಹೋದ ಹೆಸರುಗಳು ದೇವರ ಖಾತೆಯಲ್ಲಿ ಬಿಟ್ಟುಹೋಗಲಾರವು ಎಂಬ ವಿಶ್ವಾಸ ನಮ್ಮದು.