ವಸ್ತಿ ಮಾಡಾಕ ಜಾಗಾ ಎಲ್ಲೈತಿ?

ಮೊನ್ನೆ ಅಣ್ಣನ ಮಗ, "ಕಾಕಾ, ಗೋಕಾಕ ಫಾಲ್ಸ್ ಕಡೆ ಕ್ಯಾಂಪಿಂಗ್ ಹೋಗೂಣು, ಟೆಂಟ್ ತರ್ತೀನಿ" ಅಂದ. ನಮ್ಮ ಅಜ್ಜ ಟೆಂಟ್ ಇಲ್ಲದನ ಇದನ್ನ ಮಾಡತಿದ್ದ. ಅದಕ್ಕ 'ವಸ್ತಿ' ಅಂತಿದ್ರು.

ಜಮಖಂಡಿ, ಬನಹಟ್ಟಿ, ಬೀಳಗಿ, ಮುಧೋಳದ ಒಕ್ಕಲುತನದ ಮಂದಿಗೆ ಸವದತ್ತಿ ಎಲ್ಲಮ್ಮನ ಗುಡ್ಡನ ವರ್ಷದ ಸೂಟಿ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಕೊಲ್ಲಾರಿ ಬಂಡಿ ಹೂಡೋದು. ಬಂಡಿಯಾಗ ಕಣಕಿ, ಹಿಂಡಿ, ಕಟಕ ರೊಟ್ಟಿ, ಗುರೆಳ್ಳ ಚಟ್ನಿ. ಮುಧೋಳದ ಹತ್ರ ಘಟಪ್ರಭಾ ದಾಟಿ, ಲೋಕಾಪುರ ಹಾದು, ಮೂರು-ನಾಕು ವಸ್ತಿ ಮಾಡಿ ಗುಡ್ಡ ಮುಟ್ಟತಿದ್ರು. ಮಲಪ್ರಭಾ ಗುಡ್ಡ ಸೀಳಿಕೊಂಡು ಹಾಯೋ ನವಿಲುತೀರ್ಥದ ಕಣಿವೆ ಆ ಕಡೆನ ಐತಿ. 1970ರ ದಶಕದಾಗ ಅಲ್ಲಿ ಆಣೆಕಟ್ಟು ನಿಂತು ರೇಣುಕಾಸಾಗರ ಆತು. ಆ ಕಲ್ಲಿಗೆ ಭೂಗರ್ಭದವರು ಇಟ್ಟ ಹೆಸರು ನಮ್ಮ ಕಲಾದಗಿದು. ಗೋಕಾಕದಾಗ ಘಟಪ್ರಭಾ ಧುಮುಕೋದೂ ಅದೇ ಕಲ್ಲಿನ ಮ್ಯಾಲಿಂದ.

ವಸ್ತಿಗೆ ಬಾಡಿಗಿ ಇರಲಿಲ್ಲ. ಖಾಲಿ ಹೊಲ, ಹತ್ರ ಬಾವಿ ಇದ್ರ ಕೊಳ್ಳ ಹರಿಯೋದು. ಹೊಲದಾಂವ ಬ್ಯಾಡ ಅಂತಿರಲಿಲ್ಲ. ಹತ್ತು ಜೋಡಿ ಎತ್ತು ರಾತ್ರಿ ನಿಂತ್ರ ಬೆಳಗಾಗೂದ್ರಾಗ ಸೆಗಣಿ, ಗಂಜಲ ಅವನ ಹೊಲಕ್ಕ. ಕುರಿ ತರುಬಾಕ ನಾವು ಇವತ್ತೂ ರೊಕ್ಕ ಕೊಡ್ತೀವಲ್ಲ, ಹಂಗ.

ಬಸ್ಸು, ಟ್ರ್ಯಾಕ್ಟರ್ ಬಂದು ವಸ್ತಿ ಹೋತು ಅಂತಾರ. ಅರ್ಧ ಖರೆ. ಇನ್ನರ್ಧ ನಮ್ಮ ಹೊಲದಾಗ ಐತಿ. ಕಾಲುವೆ ಬಂತು. 1989ರಾಗ ರೈತರೇ ಕೂಡಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್‌ನಿಂದ ಕೃಷ್ಣಾ ನೀರು ನಿಂತಿತು. ಅದರಿಂದ ಬದುಕೀವಿ, ಅದನ್ನ ಬೈಯೂದಿಲ್ಲ. ಆದ್ರ ಕಬ್ಬನ್ನ ಹಾದಿ ಅಂಚಿನ ತನಕ ಹಚ್ಚಿದ್ವಿ. ಹುಣ್ಣಿಮೆ ಹೊತ್ತಿಗೆ ಖಾಲಿ ಹೊಲ ಕಾಣೋದು ಅಪರೂಪ.

ಹೋದ ವರ್ಷ ಹೊತ್ತು ಮುಳುಗೋ ಹೊತ್ತಿಗೆ ಐದು ಬಂಡಿ ನಮ್ಮ ಹೊಲದ ಮುಂದ ನಿಂತ್ವು. "ಯಪ್ಪಾ, ಒಂದ್ ರಾತ್ರಿ ಎತ್ತು ಕಟ್ಟಾಕ ಜಾಗಾ ಐತೇನ್ರಿ?" ಅಂತ ಮುದುಕ ಕೇಳಿದ. ಸುತ್ತ ನೋಡಿದ್ಯಾ. ನಾಕೂ ಕಡೆ ಕಬ್ಬು. "ಇಲ್ರಿ" ಅಂದ್ಯಾ. ಕತ್ತಲಾಗ ಗೆಜ್ಜಿ ಸಪ್ಪಳ ದೂರ ಆಗೋತನಕ ಹಾದಿಮ್ಯಾಲೇ ನಿಂತಿದ್ಯಾ.

ಈ ಸಲ ಬಾವಿ ಬಾಜೂಕ, ಬೇವಿನ ಗಿಡದ ಕೆಳಗ ಎರಡು ಗುಂಟೆ ಬಿಟ್ಟೀನಿ. ನಿಮ್ಮ ಹೊಲ ಹಾದಿ ಹಚ್ಚಿ ಇದ್ರ ನೀವೂ ಒಂದೀಟು ನೋಡ್ರಿ. ಅಣ್ಣನ ಮಗನ ಟೆಂಟೂ ಅಲ್ಲೇ ಹಾಕ್ಲಿ.