ಸೆಕಿರೋ ಆಟದಲ್ಲಿ ಮೊದಲು ಕಲಿಯಬೇಕಾದ ವಿದ್ಯೆಗಳು

'ಸೆಕಿರೋ: ಶ್ಯಾಡೋಸ್ ಡೈ ಟ್ವೈಸ್' ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ತಯಾರಿಸಿದ ಕತ್ತಿವರಸೆಯ ವೀಡಿಯೋ ಗೇಮ್. ಹಿಡೆಟಾಕ ಮಿಯಾಝಾಕಿ ಇದರ ನಿರ್ದೇಶಕರು. 2019ರ ಮಾರ್ಚ್ 22ರಂದು ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಹಾಗೂ ವಿಂಡೋಸ್ ಕಂಪ್ಯೂಟರ್‌ಗಳಿಗೆ ಬಿಡುಗಡೆಯಾಯಿತು. ಅದೇ ವರ್ಷದ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ಪಡೆಯಿತು. 2023ರ ವೇಳೆಗೆ ಇದರ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಕಥೆ ನಡೆಯುವುದು ಜಪಾನಿನ ಸೆಂಗೋಕು ಕಾಲದ ಕೊನೆಯಲ್ಲಿ, ಅಶಿನಾ ಎಂಬ ಕಾಲ್ಪನಿಕ ನಾಡಿನಲ್ಲಿ. ನಾಯಕ ಒಬ್ಬ ಶಿನೋಬಿ, ಅಂದರೆ ಗುಪ್ತ ಯೋಧ. ತನ್ನ ಎಳೆಯ ಒಡೆಯನನ್ನು ರಕ್ಷಿಸಲು ಹೋಗಿ ಆರಂಭದಲ್ಲೇ ಗೆನಿಚಿರೋ ಎಂಬವನ ಕೈಯಲ್ಲಿ ಎಡಗೈ ಕಳೆದುಕೊಳ್ಳುತ್ತಾನೆ. ಹಾಳು ದೇಗುಲದಲ್ಲಿ ವಾಸಿಸುವ ಮುದಿ ಶಿಲ್ಪಿಯೊಬ್ಬ ಅವನಿಗೆ ಮರದ ಕೈ ಜೋಡಿಸುತ್ತಾನೆ. ಆ ಕೈಗೆ ಒಂದೊಂದಾಗಿ ಆಯುಧಗಳನ್ನು ಅಳವಡಿಸಿಕೊಂಡು, ಕತ್ತಿಯ ವಿದ್ಯೆಗಳನ್ನು ಕಲಿಯುತ್ತ ಮುಂದೆ ಸಾಗಬೇಕು. ಯಾವ ವಿದ್ಯೆಯನ್ನು ಮೊದಲು ಕಲಿಯಬೇಕು ಎಂಬಲ್ಲಿಯೇ ಹೊಸಬರು ಎಡವುವುದು.

ಎಡವಲು ಭಾಷೆಯೂ ಒಂದು ಕಾರಣ. ಗಡಿನಾಡಿನ ಹುಡುಗರಿಗೆ ಎರಡು ಮೂರು ಭಾಷೆ ಬಾಯಲ್ಲಿ ಸಲೀಸು. ಆದರೆ ಈ ಆಟ ಕನ್ನಡದಲ್ಲೂ ಇಲ್ಲ, ಮಲಯಾಳ, ತಮಿಳು, ಮರಾಠಿ, ತೆಲುಗಿನಲ್ಲೂ ಇಲ್ಲ. ವಿದ್ಯೆಗಳ ವಿವರಣೆಯನ್ನು ಇಂಗ್ಲಿಷಿನಲ್ಲೇ ಓದಬೇಕು. ಓದಲು ಬೇಸರಪಟ್ಟು ಚಿತ್ರ ಚೆಂದ ಕಂಡದ್ದನ್ನು ಒತ್ತಿದರೆ ಅದನ್ನು ಹಿಂತೆಗೆದುಕೊಳ್ಳುವ ದಾರಿ ಇಲ್ಲ. ಒಮ್ಮೆ ಖರ್ಚು ಮಾಡಿದ ಪಾಯಿಂಟ್ ಹೋದಂತೆಯೇ.

ಪಾಯಿಂಟ್ ಬರುವುದು ಹೇಗೆ, ಹೋಗುವುದು ಹೇಗೆ

ವೈರಿಗಳನ್ನು ಕೊಂದಂತೆ ಅನುಭವದ ಪಟ್ಟಿ ತುಂಬುತ್ತದೆ. ಪಟ್ಟಿ ಪೂರ್ತಿ ತುಂಬಿದಾಗ ಒಂದು ಸ್ಕಿಲ್ ಪಾಯಿಂಟ್ ದೊರೆಯುತ್ತದೆ. ಮುಂದಿನ ಪಾಯಿಂಟಿಗೆ ಹಿಂದಿನದಕ್ಕಿಂತ ಹೆಚ್ಚು ಅನುಭವ ಬೇಕು. ಸತ್ತು, ಮತ್ತೆ ಎದ್ದು, ಪುನಃ ಪೂರ್ತಿಯಾಗಿ ಸತ್ತರೆ ಕೈಯಲ್ಲಿರುವ ಹಣದ ಅರ್ಧ ಮತ್ತು ತುಂಬುತ್ತಿರುವ ಪಟ್ಟಿಯ ಅರ್ಧ ನಷ್ಟ. ಅದೃಷ್ಟವಿದ್ದರೆ 'ಅನ್‌ಸೀನ್ ಏಡ್' ಎಂಬ ಕಾಣದ ನೆರವು ಇದನ್ನು ತಪ್ಪಿಸುತ್ತದೆ. ಅದರ ಸಾಧ್ಯತೆ ಹೆಚ್ಚೆಂದರೆ ನೂರಕ್ಕೆ 30. ಪದೇ ಪದೇ ಸತ್ತು ಡ್ರ್ಯಾಗನ್‌ರಾಟ್ ರೋಗ ಹರಡಿದರೆ ಅದೂ ಇಳಿಯುತ್ತದೆ.

ಪೂರ್ತಿಯಾದ ಪಾಯಿಂಟ್ ಮಾತ್ರ ಸಾವಿನಿಂದ ಹೋಗುವುದಿಲ್ಲ. ಆದ್ದರಿಂದ ಪಟ್ಟಿ ಮುಕ್ಕಾಲು ತುಂಬಿರುವಾಗ ದೊಡ್ಡ ವೈರಿಯ ಎದುರು ನಿಲ್ಲುವುದು ಬುದ್ಧಿವಂತಿಕೆಯಲ್ಲ. ಸುತ್ತಲಿನ ಸಣ್ಣ ಕಾವಲುಗಾರರನ್ನು ಮುಗಿಸಿ ಪಟ್ಟಿ ತುಂಬಿಸಿ, ಆ ಮೇಲೆ ಹೋಗಬೇಕು. ಹಣವನ್ನಾದರೆ ಥೈಲಿಯಾಗಿ ಬದಲಿಸಿ ಇಟ್ಟುಕೊಳ್ಳಬಹುದು. 100 ಸೆನ್ನಿನ ಥೈಲಿಗೆ ವ್ಯಾಪಾರಿ 110 ಸೆನ್ ಕೇಳುತ್ತಾನೆ, ಆದರೂ ನಷ್ಟಕ್ಕಿಂತ ಅದು ವಾಸಿ. ಅನುಭವಕ್ಕೆ ಅಂತಹ ಥೈಲಿ ಇಲ್ಲ.

ಇನ್ನೊಂದು ಸಂಗತಿಯನ್ನು ಹಲವರು ತಡವಾಗಿ ತಿಳಿಯುತ್ತಾರೆ. ಬೇರೆ ಆಟಗಳಲ್ಲಿ ಅನುಭವ ಹೆಚ್ಚಿದಂತೆ ನಾಯಕನ ಬಲವೂ ಹೆಚ್ಚುತ್ತದೆ. ಇಲ್ಲಿ ಹಾಗಿಲ್ಲ. ಹೊಡೆತದ ಬಲ ಏರುವುದು ದೊಡ್ಡ ವೈರಿಗಳನ್ನು ಗೆದ್ದು ಪಡೆಯುವ 'ಮೆಮರಿ'ಗಳಿಂದ. ಆಯುಸ್ಸು ಮತ್ತು ನಿಲುವಿನ ಮಿತಿ ಏರುವುದು ನಾಲ್ಕು ನಾಲ್ಕು ಪ್ರಾರ್ಥನಾ ಮಣಿಗಳನ್ನು ಕೂಡಿಸಿದಾಗ. ಸ್ಕಿಲ್ ಪಾಯಿಂಟ್ ಕೊಡುವುದು ವಿದ್ಯೆಯನ್ನು ಮಾತ್ರ. ಹೀಗಾಗಿ ಗಂಟೆಗಟ್ಟಲೆ ಸಣ್ಣವರನ್ನು ಕೊಂದು ಬಲಿಷ್ಠನಾಗುತ್ತೇನೆ ಎಂಬುದು ಇಲ್ಲಿ ನಡೆಯದ ಲೆಕ್ಕ.

ಮೊದಲ ಆಯ್ಕೆ: ಮಿಕಿರಿ ಕೌಂಟರ್

ಮೊದಲ ಪಾಯಿಂಟ್ ದೊರೆತ ಮೇಲೆ ಶಿಲ್ಪಿಯನ್ನು ಮಾತಾಡಿಸಿದರೆ ಶಿನೋಬಿ ವಿದ್ಯೆಯ ಹೊತ್ತಗೆ ಕೊಡುತ್ತಾನೆ. ಆ ಬಳಿಕ ಶಿಲ್ಪಿಯ ವಿಗ್ರಹಗಳಿರುವಲ್ಲಿ ಕುಳಿತಾಗ ವಿದ್ಯೆಗಳನ್ನು ಪಡೆಯಬಹುದು. ಇವುಗಳಲ್ಲಿ ಹೊಸಬನಿಗೆ ಎಲ್ಲಕ್ಕಿಂತ ಉಪಯುಕ್ತವಾದುದು ಮಿಕಿರಿ ಕೌಂಟರ್. ಇದರ ಬಗ್ಗೆ ಎರಡು ಮಾತಿಲ್ಲ. ಜಪಾನೀ ಭಾಷೆಯಲ್ಲಿ ಮಿಕಿರಿ ಎಂದರೆ ಎದುರಾಳಿಯ ನಡೆಯನ್ನು ಮೊದಲೇ ಕಂಡುಕೊಳ್ಳುವುದು.

ವೈರಿಯ ಅಪಾಯಕಾರಿ ಹೊಡೆತಕ್ಕೆ ಮುಂಚೆ ನಾಯಕನ ತಲೆಯ ಮೇಲೆ ಕೆಂಪು ಜಪಾನೀ ಅಕ್ಷರವೊಂದು ಮಿಂಚುತ್ತದೆ. ಅದು ಮೂರು ಬಗೆಯ ಹೊಡೆತಗಳಿಗೂ ಒಂದೇ ಅಕ್ಷರ. ಕಾಲಿನ ಬಳಿ ಬೀಸಿದರೆ ಹಾರಬೇಕು, ಹಿಡಿಯಲು ಬಂದರೆ ಓಡಬೇಕು, ಈಟಿಯಂತೆ ನೇರ ತಿವಿದರೆ ಮಿಕಿರಿ. ಅಕ್ಷರವನ್ನು ನೋಡಿ ಕುಳಿತರೆ ಪ್ರಯೋಜನವಿಲ್ಲ, ವೈರಿಯ ಭುಜ ಮತ್ತು ಆಯುಧದ ಮೇಲೆ ಕಣ್ಣಿರಬೇಕು.

ತಿವಿತ ಬರುವಾಗ ಕಡ್ಡಿಯನ್ನು ಅಲುಗಿಸದೆ, ಇಲ್ಲವೇ ವೈರಿಯ ಕಡೆಗೇ ತಳ್ಳಿ, ತಪ್ಪಿಸಿಕೊಳ್ಳುವ ಗುಂಡಿ ಒತ್ತಿದರೆ ನಾಯಕ ಆಯುಧವನ್ನು ಕಾಲಿನಿಂದ ಮೆಟ್ಟಿ ನೆಲಕ್ಕೆ ಒತ್ತುತ್ತಾನೆ. ವೈರಿಯ ನಿಲುವು ಒಮ್ಮೆಲೇ ಬಹಳಷ್ಟು ಕುಸಿಯುತ್ತದೆ. ಹೆದರಿ ಕಡ್ಡಿಯನ್ನು ಹಿಂದಕ್ಕೋ ಪಕ್ಕಕ್ಕೋ ಎಳೆದರೆ ಬರೇ ಜಿಗಿತವಾಗುತ್ತದೆ, ಮಿಕಿರಿ ಆಗುವುದಿಲ್ಲ. 'ಕಲಿತರೂ ಕೆಲಸ ಮಾಡುತ್ತಿಲ್ಲ' ಎನ್ನುವವರ ತಪ್ಪು ಹೆಚ್ಚಾಗಿ ಇಲ್ಲಿಯೇ.

ಈ ಆಟದಲ್ಲಿ ಗೆಲುವು ಆಯುಸ್ಸಿನ ಪಟ್ಟಿಗಿಂತ ನಿಲುವಿನ ಪಟ್ಟಿಯನ್ನು ಅವಲಂಬಿಸಿದೆ. ಪೆಟ್ಟು, ಪ್ರತಿತಡೆಗಳಿಂದ ನಿಲುವು ಮುರಿದರೆ ಒಂದೇ ಏಟಿನಲ್ಲಿ ಕೊಲ್ಲುವ ಅವಕಾಶ. ವೈರಿಯ ಆಯುಸ್ಸು ಕಡಿಮೆಯಾದಷ್ಟೂ ಅವನ ನಿಲುವು ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ. ಹಿರಾಟಾ ಎಸ್ಟೇಟಿನಲ್ಲಿ ಎದುರಾಗುವ ಈಟಿಗಾರ ಎನ್‌ಶಿನ್ ಮಿಕಿರಿ ಇಲ್ಲದವನಿಗೆ ಗಂಡಾಂತರ, ಇದ್ದವನಿಗೆ ಅಭ್ಯಾಸದ ಕಂಬ. ಮಿಕಿರಿ ಇಲ್ಲದೆಯೂ ತಿವಿತವನ್ನು ಸರಿಯಾದ ಕ್ಷಣದಲ್ಲಿ ಕತ್ತಿಯಿಂದ ತಳ್ಳಬಹುದು, ಆದರೆ ಸುಮ್ಮನೆ ಅಡ್ಡ ಹಿಡಿದು ತಡೆಯಲಾಗದು. ಮುಂದೆ ಕೋಟೆಯ ತುದಿಯಲ್ಲಿ ಗೆನಿಚಿರೋ ಹಾರಿ ಬಂದು ಒಮ್ಮೆ ತಿವಿಯುತ್ತಾನೆ, ಒಮ್ಮೆ ಬೀಸುತ್ತಾನೆ. ಅಷ್ಟರಲ್ಲಿ ಈ ವಿದ್ಯೆ ಕೈಗೆ ಹತ್ತಿರಬೇಕು. ದೇಗುಲದ ಅಂಗಳದಲ್ಲಿ ಸಾವಿಲ್ಲದ ಹನ್‌ಬೇ ಎಂಬವನಿದ್ದಾನೆ. ಅವನೊಡನೆ ಎಷ್ಟು ಬಾರಿ ಬೇಕಾದರೂ ಅಭ್ಯಾಸ ಮಾಡಬಹುದು, ನಷ್ಟವೇನೂ ಇಲ್ಲ.

ಮಿಕಿರಿ ಸರ್ವರೋಗಕ್ಕೂ ಮದ್ದಲ್ಲ. ಆರಂಭದಲ್ಲೇ ಅನೇಕರನ್ನು ಕಂಗೆಡಿಸುವ ಸರಪಳಿಯ ರಾಕ್ಷಸ ಹಿಡಿದು ಎಸೆಯುವವನು. ಅವನಿಗೆ ಬೇಕಾದುದು ಬೆಂಕಿ.

ನಂತರದ ಆಯ್ಕೆಗಳು

ಒಂದೇ ಪಾಯಿಂಟಿಗೆ ದೊರೆಯುವ ವರ್ಲ್‌ವಿಂಡ್ ಸ್ಲ್ಯಾಶ್ ಸುತ್ತಲೂ ಬೀಸುವ ವರಸೆ. ಮೂರು ನಾಲ್ಕು ಮಂದಿ ಮುತ್ತಿದಾಗ ಅನುಕೂಲ. ಆದರೆ ಇಂತಹ 'ಕಾಂಬ್ಯಾಟ್ ಆರ್ಟ್'ಗಳಲ್ಲಿ ಒಂದು ಬಾರಿಗೆ ಒಂದನ್ನು ಮಾತ್ರ ಧರಿಸಲು ಸಾಧ್ಯ. ನಾಲ್ಕು ಕಲಿತರೂ ಮೂರು ಪೆಟ್ಟಿಗೆಯಲ್ಲೇ ಇರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಧರಿಸದೆಯೇ ಸದಾ ಫಲ ಕೊಡುವ ವಿದ್ಯೆಗಳಿಗೆ ಮೊದಲ ಮನ್ನಣೆ ಕೊಡುವುದು ಲೇಸು. ಕೊಲ್ಲುವ ಪ್ರತಿ ಏಟಿಗೂ ಸ್ವಲ್ಪ ಆಯುಸ್ಸು ಮರಳಿಸುವ 'ಬ್ರೆತ್ ಆಫ್ ಲೈಫ್: ಲೈಟ್' ಅಂತಹದು. ಔಷಧದ ಸೋರೆಬುರುಡೆಯಲ್ಲಿ ಗುಟುಕುಗಳು ಕಡಿಮೆಯಿರುವ ಆರಂಭದ ದಿನಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಕಳರಿಯಲ್ಲಿ ಮೊದಲು ಮೆಯ್ತಾರಿ, ಅಂದರೆ ಮೈಯ ಸಾಧನೆ, ಆಮೇಲೆ ಕೋಲು, ಬಳಿಕ ಲೋಹದ ಆಯುಧ ಎಂಬ ಕ್ರಮವಿರುವುದನ್ನು ಕಾಸರಗೋಡು, ವಯನಾಡಿನ ಓದುಗರು ಬಲ್ಲರು. ಇಲ್ಲಿ ಅಂತಹ ಗುರುವಿಲ್ಲ, ಕ್ರಮವನ್ನು ಆಟಗಾರನೇ ಇಟ್ಟುಕೊಳ್ಳಬೇಕು.

ಅಶಿನಾ ವಿದ್ಯೆಯ ಹೊತ್ತಗೆ ಕೋಟೆಯ ಬಾಗಿಲಿನ ಬಳಿಯ ತೆಂಗು ಮುಖವಾಡದ ಮುದುಕ 'ಅಶಿನಾದ ಟೆಂಗು'ವಿನಿಂದ ದೊರೆಯುತ್ತದೆ. (ಇದು ನಮ್ಮ ತೆಂಗಲ್ಲ, ಉದ್ದ ಮೂಗಿನ ಜಪಾನೀ ಭೂತ.) 'ಇಲಿಗಳು' ಎಂದು ಅವನು ಕರೆಯುವ ಹಂತಕರನ್ನು ಮುಗಿಸಿಕೊಟ್ಟರೆ ಸಾಕು. ಅದರಲ್ಲಿನ ಇಚಿಮೊಂಜಿ ತಲೆಯ ಮೇಲಿನಿಂದ ಇಳಿಸುವ ಒಂದೇ ಭಾರಿ ಹೊಡೆತ. ನಿಧಾನದ್ದು. ಆದರೆ ವೈರಿಯ ನಿಲುವನ್ನು ಕುಸಿಸುವುದರ ಜೊತೆಗೆ ತನ್ನ ನಿಲುವನ್ನೂ ಚೇತರಿಸುವುದರಿಂದ ದ್ವಂದ್ವಯುದ್ಧಕ್ಕೆ ವರ್ಲ್‌ವಿಂಡಿಗಿಂತ ಮೇಲು.

ಮರದ ಕೈಗೆ ಮೂರು ಸಾಧನ ಜೋಡಿಸಿದ ಬಳಿಕ ಶಿಲ್ಪಿ ಇನ್ನೊಂದು ಹೊತ್ತಗೆ ಕೊಡುತ್ತಾನೆ. ಎಸೆಯುವ ಚಕ್ರದ ಹಿಂದೆಯೇ ನುಗ್ಗಿ ಕಡಿಯುವ 'ಚೇಸಿಂಗ್ ಸ್ಲೈಸ್' ಅದರಲ್ಲಿದೆ. ನೋಡಲು ಸೊಗಸು, ಅವಸರವಿಲ್ಲ. ಅದಕ್ಕಿಂತ 500 ಸೆನ್ ಕೂಡಿಸಿ ಯುದ್ಧಭೂಮಿಯ ವ್ಯಾಪಾರಿಯಿಂದ ಪಟಾಕಿ ಕೊಳ್ಳುವುದು ಒಳ್ಳೆಯದು. ಕುದುರೆಯೇರಿ ಬರುವ ಗ್ಯೋಬುವಿನ ಕುದುರೆ ಆ ಸದ್ದಿಗೆ ಬೆದರಿ ನಿಲ್ಲುತ್ತದೆ.

ಸದ್ದಿಲ್ಲದೆ ನಡೆಯುವ ವಿದ್ಯೆ, ಗಾಳಿಯಲ್ಲಿ ಕತ್ತಿ ತಡೆಯುವ ವಿದ್ಯೆ ಮೊದಲಾದವನ್ನು ನಂತರ ಪಡೆದರೂ ನಡೆದೀತು. ಆಟದ ಉತ್ತರಾರ್ಧದಲ್ಲಿ ಮುಖವಾಡದ ಮೂರು ಚೂರುಗಳನ್ನು ಕೂಡಿಸಿದವರು 5 ಪಾಯಿಂಟ್ ಕೊಟ್ಟು ಹೊಡೆತದ ಬಲವನ್ನು ಒಂದು ಮೆಟ್ಟಿಲು ಏರಿಸಿಕೊಳ್ಳಬಹುದು. ಉಳಿದ ಪಾಯಿಂಟ್‌ಗಳಿಗೆ ಅಲ್ಲಿ ಕೆಲಸವಿದೆ. ರಕ್ತಪಾತ ಧಾರಾಳವಾಗಿರುವುದರಿಂದ ಯುರೋಪಿನಲ್ಲಿ ಈ ಆಟಕ್ಕೆ 18 ವರ್ಷದ ಮಿತಿ ಇದೆ ಎಂಬುದನ್ನು ಮನೆಯ ಹಿರಿಯರು ಗಮನಿಸಬಹುದು.