ಮನೆಯಂಗಳಕ್ಕೆ ಸೂಕ್ತವಾದ ನೆಲಹೊದಿಕೆ ಸಸ್ಯಗಳು

1. ಪ್ರಸ್ತಾವನೆ

ನೆಲದ ಮೇಲೆ ಹರಡಿಕೊಂಡು ಮಣ್ಣನ್ನು ಮುಚ್ಚುವ ಕಿರುಸಸ್ಯಗಳನ್ನು ನೆಲಹೊದಿಕೆ ಸಸ್ಯಗಳೆಂದು ಕರೆಯಲಾಗುತ್ತದೆ. ಇವು ಮಣ್ಣಿನ ತೇವವನ್ನು ಕಾಪಾಡುವುದಲ್ಲದೆ, ಮಳೆಗೆ ಮಣ್ಣು ಕೊಚ್ಚಿಹೋಗುವುದನ್ನೂ ಕಳೆಯನ್ನೂ ಕಡಿಮೆ ಮಾಡುತ್ತವೆ. ಹುಲ್ಲುಹಾಸಿಗೆ ನಿಯತವಾಗಿ ನೀರುಣಿಸುವುದು ಹಾಗೂ ಕತ್ತರಿಸುವುದು ಅನಿವಾರ್ಯ. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಉಲ್ಲಂಘನೆಗೆ ರೂ. 5,000 ದಂಡವನ್ನು ನಿಗದಿಪಡಿಸಿತ್ತು. ಆದ್ದರಿಂದ ಸ್ಥಳದ ಬಿಸಿಲು ಮತ್ತು ತೇವಕ್ಕೆ ಹೊಂದುವ ಸಸ್ಯವನ್ನೇ ಆಯ್ದುಕೊಳ್ಳುವುದು ಸೂಕ್ತ.

2. ಸ್ಥಳಕ್ಕೆ ತಕ್ಕ ಸಸ್ಯಗಳು

ಅ) ವಿಷ್ಣುಕ್ರಾಂತಿ: ಒಣ ಭೂಮಿಯಲ್ಲಿ ತಾನಾಗಿಯೇ ಬೆಳೆಯುವ ಸಸ್ಯ. ಚಿಕ್ಕ ನೀಲಿ ಹೂಗಳನ್ನು ಬಿಡುತ್ತದೆ. ಬಿಸಿಲು ಬೀಳುವ, ಸಾರ ಕಡಿಮೆಯಿರುವ ಮಣ್ಣಿಗೆ ಸೂಕ್ತ.

ಆ) ಹತ್ತು ಗಂಟೆ ಹೂ: ದಪ್ಪ ಎಲೆ, ಕಾಂಡಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೂರ್ಣ ಬಿಸಿಲು ಬೇಕು. ನೀರು ನಿಂತರೆ ಕೊಳೆಯುತ್ತದೆ.

ಇ) ದೊಡ್ಡಪತ್ರೆ: ಅರೆನೆರಳಿಗೆ ಹೊಂದುತ್ತದೆ. ಕಾಂಡದ ತುಂಡು ಸುಲಭವಾಗಿ ಬೇರೊಡೆಯುತ್ತದೆ.

ಈ) ಒಂದೆಲಗ: ನೆರಳಿನ ತೇವ ಪ್ರದೇಶಕ್ಕೆ ಮಾತ್ರ. ತಂಬುಳಿ, ಚಟ್ನಿಗೆ ಬಳಸುವುದರಿಂದ ಸಾಬೂನಿನ ನೀರು ಅಥವಾ ಚರಂಡಿ ನೀರು ಹರಿಯುವೆಡೆ ಬೆಳೆಸಬಾರದು.

ಉ) ನೆಲಸಂಪಿಗೆ: ಮರದಡಿಯ ನೆರಳಿಗೆ ಸೂಕ್ತವಾದ ಅಪರೂಪದ ಗಡ್ಡೆ ಸಸ್ಯ. ಬೇಸಿಗೆಯಲ್ಲಿ ಎಲೆಯಿಲ್ಲದ ಬರಿನೆಲದಿಂದ ಹೂ ಮೂಡಿ, ನಂತರ ಎಲೆಗಳು ಬರುತ್ತವೆ. ಎಲೆ ಒಣಗಿದಾಗ ಗಿಡ ಸತ್ತಿತೆಂದು ಭಾವಿಸಿ ಅಗೆಯಬಾರದು.

3. ನಾಟಿ ವಿಧಾನ

(1) ಮುಂಗಾರು ಆರಂಭದಲ್ಲಿ ನಾಟಿ ಮಾಡಿದಲ್ಲಿ ನೀರಿನ ವೆಚ್ಚ ಉಳಿಯುತ್ತದೆ.
(2) ಗರಿಕೆ ಬೇರು ಹಾಗೂ ಕೊನ್ನಾರಿ ಗಡ್ಡೆಗಳನ್ನು ಮೊದಲೇ ಸಂಪೂರ್ಣವಾಗಿ ತೆಗೆದು, ಕೊಟ್ಟಿಗೆ ಗೊಬ್ಬರವನ್ನು ಬೆರೆಸುವುದು.
(3) 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕೆ ಒಂದು ಅಡಿ ಅಂತರದಲ್ಲಿ 100 ಸಸಿಗಳು ಬೇಕಾಗುತ್ತವೆ. ದೊಡ್ಡಪತ್ರೆ, ಹತ್ತು ಗಂಟೆ ಹೂವಿನಂತಹವನ್ನು 25 ಮಾತ್ರ ಖರೀದಿಸಿ, ಚಿಗುರಿದ ನಂತರ ಅವುಗಳ ತುಂಡುಗಳಿಂದಲೇ ಉಳಿದ ಜಾಗವನ್ನು ತುಂಬಬಹುದು.
(4) ಗಿಡಗಳು ಬೇರೂರುವವರೆಗೆ ತೇವ ಆರದಂತೆ ನೋಡಿಕೊಂಡು, ಖಾಲಿ ಜಾಗಕ್ಕೆ ಒಣ ತರಗೆಲೆಯನ್ನು ಹೊದಿಸುವುದು.

4. ವಿಶೇಷ ಎಚ್ಚರಿಕೆ

ಬೇಗ ಹರಡುವುದೆಂಬ ಕಾರಣಕ್ಕೆ ಹಳದಿ ಹೂವಿನ ವೆಡೆಲಿಯವನ್ನು ಅನೇಕರು ನೆಡುತ್ತಾರೆ. ಅಮೆರಿಕ ಖಂಡದ ಉಷ್ಣವಲಯ ಮೂಲದ ಈ ಬಳ್ಳಿಯು ಗಿಣ್ಣುಗಳಲ್ಲಿ ಬೇರುಬಿಟ್ಟು, ಕಾಲುವೆ ಬದಿ ಹಾಗೂ ತೋಟಗಳಲ್ಲಿನ ಸ್ಥಳೀಯ ಸಸ್ಯಗಳನ್ನು ಮುಚ್ಚಿಬಿಡುತ್ತದೆ. ವಿಶ್ವದ 100 ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಲಂಟಾನವೂ ಸೇರಿವೆ. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ವ್ಯಾಪಿಸಿರುವ ಲಂಟಾನ ಸಹ ನಮ್ಮ ದೇಶಕ್ಕೆ ಬಂದದ್ದು ಅಲಂಕಾರಿಕ ಗಿಡವಾಗಿಯೇ. ಆದ್ದರಿಂದ ವೆಡೆಲಿಯವನ್ನು ಹೊಸದಾಗಿ ನೆಡಬಾರದು. ಈಗಾಗಲೇ ಇದ್ದಲ್ಲಿ ಬೇರುಸಹಿತ ಕಿತ್ತು, ಬಿಸಿಲಿನಲ್ಲಿ ಪೂರ್ಣ ಒಣಗಿಸಿದ ನಂತರವೇ ವಿಲೇವಾರಿ ಮಾಡುವುದು. ಹಸಿ ತುಂಡುಗಳನ್ನು ಚರಂಡಿ ಅಥವಾ ಖಾಲಿ ನಿವೇಶನಕ್ಕೆ ಎಸೆಯಬಾರದು.

5. ಸಸಿಗಳಿಗಾಗಿ ಸಂಪರ್ಕ

ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿಗಳ ಲಭ್ಯತೆಯು ಸ್ಥಳ ಮತ್ತು ಋತುವಿಗೆ ಅನುಗುಣವಾಗಿ ವ್ಯತ್ಯಾಸವಾಗುತ್ತದೆ. ಲಭ್ಯತೆ ಹಾಗೂ ದರವನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.